ಮಂಗಳವಾರದ ಮಾತು

ಜೂನ್ 11, ಮಂಗಳವಾರ
ನಾಳೆ ಸಂಜೆಯೊಳಗೆ ಅಂಕಣ ಕಳಿಸಬೇಕು. ತಲೆ ಖಾಲಿ. ಬೆಳಿಗ್ಗೆಯಿಂದ ಒಲೆ ಒರೆಸಿದ್ದೇ ಒರೆಸಿದ್ದು—ಒಲೆಯ ಬಗ್ಗೆ ಹೋದ ವರ್ಷವೇ ಬರೆದಾಗಿದೆ. ಸಂಪಾದಕರ ಫೋನ್: "ಮಗಳ ಬಗ್ಗೆ ಬರೀರಿ ಮೇಡಂ. ಓದೋರು ಅದನ್ನೇ ಕೇಳ್ತಾರೆ."

ಏನಂತ ಬರೆಯಲಿ? ಹಲ್ಲು ಬಿದ್ದದ್ದು, ಸುಳ್ಳು ಹೇಳಿ ಸಿಕ್ಕಿಬಿದ್ದದ್ದು, ಎಲ್ಲ ಬರೆದು ಮುಗಿಸಿದೆ. ಈಗ ಹತ್ತನೇ ಕ್ಲಾಸು. ನನ್ನನ್ನು ಕಂಡರೆ ಬಾಯಿಗೆ ಬೀಗ. ಇವರು ನಗುತ್ತಾರೆ: "ನಿನ್ನೆದುರು ಕೆಮ್ಮೋಕೂ ಭಯ ಕಣೆ, ಭಾನುವಾರ ಪೇಪರಲ್ಲಿ ಬಂದ್ಬಿಡುತ್ತೆ."

ಜೂನ್ 12, ಬೆಳಿಗ್ಗೆ
ಬಟ್ಟೆ ಮಡಚುತ್ತಿದ್ದೆ. ಮಗಳು ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. ಕಾಲುಚೀಲದ ಜೋಡಿ ಹುಡುಕುತ್ತ ಹುಡುಕುತ್ತ ಹೇಳಿದಳು—ಗೆಳತಿಯರೆಲ್ಲ ಬೆಂಚು ಬದಲಿಸಿದ್ದಾರೆ. ಯಾಕೋ ಗೊತ್ತಿಲ್ಲ. ಮಧ್ಯಾಹ್ನ ಲ್ಯಾಬಿನ ಹಿಂದೆ, ಮೆಟ್ಟಿಲ ಮೇಲೆ, ಒಬ್ಬಳೇ ಡಬ್ಬಿ ತಿನ್ನುತ್ತಾಳಂತೆ. "ಮೆಟ್ಟಿಲಿಗೂ ನನ್ನ ಗುರುತು ಸಿಕ್ಕಿದೆ ಅಮ್ಮ" ಅಂದು ನಕ್ಕಳು. ಆಮೇಲೆ ಅತ್ತಳು. ತಬ್ಬಿಕೊಂಡೆ.

"ಬರೀಬೇಡ, ಆಯ್ತಾ?"

"ಛೆ, ಹುಚ್ಚಿ. ಇದನ್ನ ಬರೀತೀನಾ?"

ತಬ್ಬಿಕೊಂಡಿದ್ದಾಗಲೇ ಮೊದಲ ಸಾಲು ಹೊಳೆದಿತ್ತು. ಥೂ ನನ್ನ ಜನ್ಮಕ್ಕೆ.

ಅದೇ ದಿನ, ಸಂಜೆ 5
ಕಳಿಸಿದೆ. ಮಗಳು ಅಂತ ಹಾಕಿಲ್ಲ—'ನಮ್ಮ ಬೀದಿಯ ಹುಡುಗಿ'. ಲ್ಯಾಬನ್ನು ಲೈಬ್ರರಿ ಮಾಡಿದೆ. ಯಾರಿಗೂ ಗೊತ್ತಾಗುವುದಿಲ್ಲ. ಮೆಟ್ಟಿಲಿನ ಮಾತು ಮಾತ್ರ ಹಾಗೇ ಇದೆ, ಅದನ್ನು ಬಿಡಲು ಮನಸ್ಸಾಗಲಿಲ್ಲ. ಚೆನ್ನಾಗಿ ಬಂದಿದೆ. ಹಾಳಾದ್ದು, ಬಹಳ ಚೆನ್ನಾಗಿ ಬಂದಿದೆ.

ಜೂನ್ 17
ಅವಳ ಟೀಚರ್ ಫೋನ್. "ನಿನ್ನೆಯ ಅಂಕಣ ಕ್ಲಾಸಲ್ಲಿ ಗಟ್ಟಿಯಾಗಿ ಓದಿದೆ ಮೇಡಂ! ಎಲ್ಲರೂ ತಿರುಗಿ ನಿಮ್ಮ ಮಗಳನ್ನೇ ನೋಡಿದ್ರು. ಎಷ್ಟು ಹೆಮ್ಮೆಯಾಗಿರಬೇಕು ಅವಳಿಗೆ."

ಊಟ ಬೇಡ ಅಂದಳು. ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾತು ಆಡಿದರೆ ಹೋಯ್ತು ಅನ್ನುತ್ತಾರೆ. ನಾನು ಅಚ್ಚೇ ಹಾಕಿಸಿದೆನಲ್ಲ...

ಜುಲೈ 9, ಮಂಗಳವಾರ
ಮತ್ತೆ ಮಾತಾಡುತ್ತಾಳೆ. ವಾರಕ್ಕೊಮ್ಮೆ, ಮಂಗಳವಾರ. ಬಾಗಿಲಲ್ಲೇ ನಿಂತು—"ಅಮ್ಮ, ಇದನ್ನ ಬರ್ಕೋ." ಬಸ್ಸಿನಲ್ಲಿ ಸೀನಿದ ಕಂಡಕ್ಟರು. ಗಾಳಿಗೆ ಹಾರಿಹೋದ ಪ್ರಿನ್ಸಿಪಾಲರ ಕೊಡೆ. ಶುರು, ನಗು, ಕೊನೆ, ಎಲ್ಲ ಅಂಕಣದ ಅಳತೆಗೆ ಸರಿಯಾಗಿ. ನಿಜವೋ ಕಟ್ಟಿದ್ದೋ—ಕೇಳುವ ಧೈರ್ಯವಿಲ್ಲ. ಸಂಪಾದಕರಿಗೆ ಖುಷಿಯೋ ಖುಷಿ. "ನಿಮ್ಮ ಕೈ ಮತ್ತೆ ಕುದುರಿತು ಮೇಡಂ!" ಉಳಿದ ದಿನ ಅವಳ ಬಾಗಿಲು ಮುಚ್ಚಿರುತ್ತದೆ.

ಕ್ಷಮೆ ಕೇಳಿದೆ. "ಪರವಾಗಿಲ್ಲ ಬಿಡಮ್ಮ, ಚೆನ್ನಾಗೇ ಬರ್ದಿದ್ದೆ" ಅಂದಳು.

ಜುಲೈ 25
ಅಂಕಣ ನಿಲ್ಲಿಸುತ್ತೇನೆ ಅಂತ ಸಂಪಾದಕರಿಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ತಿಳಿಸೋಣ ಅಂತ ಕಾದು ಕೂತೆ. ಬಂದಳು, ಕಣ್ಣು ಊದಿತ್ತು. ಬೂಟು ಬಿಚ್ಚದೆ ಕೋಣೆಗೆ ಹೋದಳು. ಬಾಗಿಲು ತಟ್ಟಿದೆ.

"ಏನಾಯ್ತು ಪುಟ್ಟಿ?"

"ಬರೆಯೋ ಅಂಥದ್ದೇನಿಲ್ಲಮ್ಮ."

ಇನ್ನು ಬರೆಯುವುದಿಲ್ಲ ಕಣೆ, ನಿಲ್ಲಿಸಿಬಿಟ್ಟೆ ಅಂದೆ. ಬಾಗಿಲ ಹೊರಗೆ, ನೆಲದ ಮೇಲೆ ಈ ಡೈರಿ ಹಿಡಿದು ಕೂತಿದ್ದೇನೆ. ಎದ್ದು ಹೋಗಲು ಮನಸ್ಸಿಲ್ಲ. ತೆರೆದರೆ ಇಲ್ಲೇ ಇರಬೇಕು...

ಈಗ ಒಳಗಿಂದ ದನಿ—"ಪೆನ್ನಿನ ಸದ್ದು ಕೇಳ್ತಿದೆ ಅಮ್ಮ."

ಇಡುತ್ತೇನೆ. ಇಟ್ಟೆ. ಈ ಒಂದು ಸಾಲು ಮುಗಿಸಿ