ಅರಳು ಹಾಕುವ ಕೈ

ತುಮಕೂರು
೨-೨-೧೯೬೧

ಪ್ರೀತಿಯ ಅಕ್ಕ ಕೌಸಲ್ಯಳಿಗೆ ಸುಬ್ಬುವಿನ ನಮಸ್ಕಾರಗಳು.

ನಾನು ಕ್ಷೇಮ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಇದ್ದದ್ದಕ್ಕೆ ವೆರಿ ಸಾರಿ. ಲಗ್ನಪತ್ರಿಕೆ ತಲುಪಿತು. ಗುಬ್ಬಿಯ ಭಾವನವರ ಪಕ್ಕದಲ್ಲಿ ನಿನ್ನ ಹೆಸರು ಅಚ್ಚಾಗಿರುವುದನ್ನು ಹಾಸ್ಟೆಲಿನಲ್ಲೆಲ್ಲ ತೋರಿಸಿದೆ. ಆದರೆ ಅಕ್ಕ, ಮದುವೆಗೆ ನಾನು ಕುಣಿಗಲ್ಲಿಗೆ ಬರುವ ಹಾಗಿಲ್ಲ. ಬೈಯುವ ಮೊದಲು ಕಾರಣ ಕೇಳು.

ನಮ್ಮ ಜುವಾಲಜಿ ಮೇಷ್ಟ್ರು ಲಕ್ಷ್ಮೀನರಸಿಂಹಯ್ಯನವರು ಒಂದು ಎಕ್ಸ್‌ಪೆರಿಮೆಂಟ್ ಹಿಡಿದಿದ್ದಾರೆ. ಕೋಳಿಮೊಟ್ಟೆಗಳನ್ನು ಸೀಮೆಎಣ್ಣೆ ದೀಪದ ಪೆಟ್ಟಿಗೆಯಲ್ಲಿ ಕಾವಿಗಿಟ್ಟು, ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು, ಒಳಗಿನ ಪಿಂಡದ ಒಂದು ಪಕ್ಕದ ರೆಕ್ಕೆಯ ಮೊಳಕೆಯನ್ನು ತೆಗೆದುಬಿಡುತ್ತಾರೆ. ಆ ಪಕ್ಕದ ನರಗಳು ಏನಾಗುತ್ತವೆಂದು ಆಮೇಲೆ ನೋಡುವುದು. ದೀಪ ಕಾಯುವ ಡ್ಯೂಟಿ ನನ್ನದು. "ಅಯ್ನೋರ ಹುಡ್ಗ ಮೊಟ್ಟೆ ಕಾಯ್ತಾವ್ನೆ! ಮ್ಯಾಲೆ ಕುಂತು ಕಾವು ಕೊಡೋದೊಂದು ಬಾಕಿ ಕಣ್ಲಾ" ಎಂದು ಕ್ಲಾಸ್‌ಮೇಟ್ ಬೆಟ್ಟಯ್ಯ ದಿನಾ ರೇಗಿಸುತ್ತಾನೆ.

ಮೇಷ್ಟ್ರು ಹೇಳಿದರು: "ರೆಕ್ಕೆ ಮೊಳೆಯೋ ಜಾಗದಿಂದ ಏನೋ ಒಂದು ರಸ ಬರುತ್ತೆ ಕಣಯ್ಯ, ಬಾ ಅಂತ ಕರೆದ ಹಾಗೆ. ಬೆನ್ನುಹುರಿಯಿಂದ ಹೊರಟ ನರಕ್ಕೆ ಅದೇ ಜೀವ. ಕರೆಯೋರಿಲ್ಲ ಅಂದ್ರೆ ಅದು ಸತ್ತೇ ಹೋಗುತ್ತೆ." ಮೈಕ್ರೋಸ್ಕೋಪಿನಲ್ಲಿ ನಾನೇ ನೋಡಿದೆ. ರೆಕ್ಕೆಯಿಲ್ಲದ ಪಕ್ಕದಲ್ಲಿ ನರದ ಗಂಟು ಸೊರಗಿ ಹೋಗಿತ್ತು. ಅಂದು ಊಟ ಸೇರಲಿಲ್ಲ.

"ಅರಳು ಹಾಕೋಕೆ ನಿನ್ನ ಬಿಟ್ರೆ ನನಗೆ ಯಾರಿದಾರೋ" ಎಂದು ಬರೆದಿದ್ದೀಯ. ಹೋಮದ ಮುಂದೆ ಒಡಹುಟ್ಟಿದವನೇ ಮದುಮಗಳ ಬೊಗಸೆಗೆ ಅರಳು ತುಂಬಬೇಕೆಂದು ನನಗೂ ಗೊತ್ತು. ಚಿಕ್ಕಪ್ಪನ ಮಗನಿಗೆ ಹೇಳಿಬಿಡು. ಮೊಟ್ಟೆ ಬಿಟ್ಟು ಬರಲಾರೆ. ದೀಪದ ಗಾಜು ತಗುಲಿ ಎಡಗೈಯ ಕಿರುಬೆರಳು ಸ್ವಲ್ಪ ಸುಟ್ಟಿದೆ. ಅಮ್ಮನಿಗೆ ಹೇಳಬೇಡ.

ನಿಮ್ಮಿಬ್ಬರ ಬಾಳು ತಣ್ಣಗಿರಲಿ. ಹಿರಿಯರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ಸುಬ್ಬಕೃಷ್ಣ

ತಾ.ಕ.: ಈ ಬೇರೆ ಹಾಳೆಯನ್ನು ನೀನೊಬ್ಬಳೇ ಓದು. ಮೊಟ್ಟೆಯ ಮಾತು ಬರೀ ನೆಪ; ದೀಪ ಕಾಯಲು ಬೆಟ್ಟಯ್ಯ ಒಪ್ಪಿದ್ದಾನೆ, ಲೀವೂ ಸಿಕ್ಕಿದೆ. ಬೆರಳು ಸುಡುತ್ತಿದ್ದದ್ದು ನನಗೆ ಗೊತ್ತೇ ಆಗಲಿಲ್ಲ ಅಕ್ಕ. "ಕೈ ಬುಡ್ಲಾ, ಸೀದ ವಾಸ್ನೆ ಬತ್ತಾ ಅದೆ!" ಎಂದು ಅವನೇ ಎಳೆದ. ಅದೇ ಕೈಯ ಮೊಣಕೈ ಮೇಲೆ ಒಂದು ಬಿಳಿಚಿದ ಮಚ್ಚೆಯಿದೆ. ಡಾಕ್ಟರು ಸೂಜಿ ಚುಚ್ಚಿ ನೋಡಿ, "ಕುಷ್ಠ, ಈಗಿನ್ನೂ ಶುರು. ಮಾತ್ರೆ ನುಂಗಿದ್ರೆ ವಾಸಿಯಾಗುತ್ತೆ, ಹೆದರಬೇಡ" ಎಂದರು. ಹಾಸ್ಟೆಲಿಗೆ ತಿಳಿದರೆ ಹೊರಗೆ ಹಾಕುತ್ತಾರೆ. ಎಲ್ಲರೂ ಏಳುವ ಮುಂಚೆ ಸ್ನಾನ ಮುಗಿಸಿ, ತುಂಬು ತೋಳಿನ ಅಂಗಿಯಲ್ಲೇ ಮಲಗುತ್ತಿದ್ದೇನೆ. ಹೋಮದ ಮುಂದೆ ಅಂಗಿ ಬಿಚ್ಚಿ ಉತ್ತರೀಯದಲ್ಲಿ ನಿಲ್ಲಬೇಕಲ್ಲ. ಗುಬ್ಬಿಯವರ ಕಣ್ಣಿಗೆ ಇದು ಬಿದ್ದರೆ ನಿನ್ನ ಮದುವೆ ಅಲ್ಲಿಗೇ ನಿಲ್ಲುತ್ತದೆ.

ಅದಕ್ಕೇ ಅಕ್ಕ, ಬಾ ಎಂದು ಇನ್ನೊಂದು ಕಾಗದ ಬರೆಯಬೇಡ. ನೀನು ಕರೆದರೆ ಬಂದೇಬಿಡುತ್ತೇನೆ.