ಏಳನೆಯ ವಿಷಯದ ಹಾಸುಗಲ್ಲು

ಗವಳಿ ಓಣಿ
ಉಳಿಕೆ ಮಾಸದ ನಾಲ್ಕನೆಯ ದಿನ, ೨೧೯೧

ವಾರ್ಡ್ ಸಮಿತಿಯ ಕಾರ್ಯದರ್ಶಿಗಳಾದ ಶ್ರೀ ಗುರುಶಾಂತಪ್ಪ ಕಿತ್ತಲಿಯವರಿಗೆ, ನಿಮ್ಮಿಂದ ನೂರ ಅರವತ್ತೈದು ವರ್ಷ ಆಚೆ ಕುಳಿತಿರುವ ನೀಲಗಂಗಾ ಬೇವಿನಕಟ್ಟಿಯ ನಮಸ್ಕಾರಗಳು.

ಮೇಲಿನ ತಾರೀಖು ಓದಿ ಹುಬ್ಬೇರಿಸಬೇಡಿ. ನಮಗೆ ವರ್ಷಕ್ಕೆ ಹದಿಮೂರು ತಿಂಗಳು. ಇದು ಪಂಚಾಂಗದ ಅಧಿಕ ಮಾಸವಲ್ಲ, ಅದು ಅದರ ಪಾಡಿಗೆ ಬಂದು ಹೋಗುತ್ತದೆ. ಊರೂರಿನ ಸಮಿತಿಗಳು ವರ್ಷವಿಡೀ ಮುಂದೂಡಿದ ವಿಷಯಗಳನ್ನು ಕುಳಿತು ಮುಗಿಸಲಿ ಎಂದು ಉಳಿದ ಹನ್ನೆರಡು ತಿಂಗಳುಗಳಿಂದ ಒಂದೆರಡು ದಿನ ಕಡಿದು ಈ ಹದಿಮೂರನೆಯದನ್ನು ಕಟ್ಟಿದರು. ಅದಕ್ಕೇ ಉಳಿಕೆ ಮಾಸ ಎಂಬ ಹೆಸರು. ಅದರಲ್ಲಿ ಒಂದು ವಿಷಯವಾದರೂ ಮುಗಿದದ್ದನ್ನು ನಾನು ಕಂಡಿಲ್ಲ. ಉಳಿಕೆ ಮಾಸದಲ್ಲೂ ಉಳಿದದ್ದನ್ನು ಜನವರಿಗೆ ದಾಟಿಸುತ್ತಾರೆ. ನಡುವೆ ನಿಮಗೆ ಗುರುತು ಹತ್ತದ ಪದಗಳು ಬಂದರೆ ಕ್ಷಮಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಿಮ್ಮದೇ ನಡಾವಳಿ ಪುಸ್ತಕಗಳಿಂದ ಕಲಿತವಳು ನಾನು. ಹೀಗಾಗಿ ಈ ಪತ್ರ ಅಲ್ಲಲ್ಲಿ ಠರಾವು ಓದಿದಂತೆ ಕೇಳಿಸಿದರೆ ಆ ತಪ್ಪಿನಲ್ಲಿ ನಿಮ್ಮ ಪಾಲೂ ಇದೆ.

ಕಾಲದಲ್ಲಿ ಹಿಂದಕ್ಕೆ ಹೋಗುವ ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಒಂದು ಬರೆಯಲು ಅವಕಾಶ. ಅರವತ್ತನೆಯ ವಯಸ್ಸಿನಲ್ಲಿ ನಾನು ಅರ್ಜಿ ಹಾಕಿದೆ, ಹಿಂದೋಲೆ ಉಪಸಮಿತಿಯ ಅನುಮತಿ ಬಂದಾಗ ನನಗೆ ಎಪ್ಪತ್ತೊಂದು. ಊರಿನ ಹೆಸರು ಬರೆಯಬಾರದು ಎಂಬ ಷರತ್ತನ್ನು ಯೋಚಿಸಲು ಅವರಿಗೆ ಹನ್ನೊಂದು ವರ್ಷ ಬೇಕಾಯಿತು. ಬರೆಯದಿದ್ದರೇನಂತೆ, ನಿಮ್ಮ ಊರು ನಿಮಗೆ ಗೊತ್ತೇ ಇದೆ. ಸಭೆಯ ದಿನ ಬೆಳಿಗ್ಗೆ ನೀವು ಹಾಜರಿ ಪುಸ್ತಕ ಬಿಚ್ಚಿದಾಗ ಇದು ಅದರೊಳಗೆ ಇರುತ್ತದೆ ಎಂದು ನನಗೆ ಭರವಸೆ ಕೊಟ್ಟಿದ್ದಾರೆ. ಅಂದರೆ ನೀವು ಇದನ್ನು ಓದುತ್ತಿರುವ ಹೊತ್ತಿಗೆ ಸಭೆ ಇನ್ನೂ ಶುರುವಾಗಿಲ್ಲ. ದಯವಿಟ್ಟು ಪತ್ರವನ್ನು ಪೂರ್ತಿ ಓದಿ. ಜೇಬಿಗೆ ಹಾಕಿಕೊಂಡು ಆಮೇಲೆ ನೋಡಿದರಾಯಿತು ಎನ್ನಬೇಡಿ, ಆ ಆಮೇಲೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಇವತ್ತಿನ ಕಾರ್ಯಸೂಚಿಯಲ್ಲಿ ಏಳನೆಯ ವಿಷಯ ಗವಳಿ ಓಣಿಯ ಅಂಗನವಾಡಿಯ ಮುಂದಿನ ಚರಂಡಿ. ಅಗಲ ಮೂರು ಅಡಿ, ಆಳ ದೊಡ್ಡವರ ಎದೆಮಟ್ಟ. ಅಂಗನವಾಡಿಯ ಕಾರ್ಯಕರ್ತೆ ಹುಸೇನಬಿ ಪಿಂಜಾರ ಅರ್ಜಿ ಕೊಟ್ಟಿದ್ದಾರೆ, ಮಕ್ಕಳು ದಾಟಲು ಒಂದು ಹಾಸುಗಲ್ಲು ಬೇಕು ಎಂದು. ಕಲ್ಲನ್ನು ಹುಡುಕುವ ತೊಂದರೆಯೂ ನಿಮಗಿಲ್ಲ. ಹಳೆಯ ದನದ ದವಾಖಾನೆ ಕೆಡವಿದಾಗ ಸಿಕ್ಕ ನಾಲ್ಕೂವರೆ ಅಡಿ ಉದ್ದದ ಕಲ್ಲು ನಿಮ್ಮ ಆಫೀಸಿನ ಗೋಡೆಗೆ ಒರಗಿ ನಿಂತಿದೆ. ಬೇರೆ ಕೆಲಸಕ್ಕೆ ಯಾರೂ ಒಯ್ಯದಿರಲಿ ಎಂದು ಕಳೆದ ವಾರ ನೀವೇ ಅದರ ಅಡಿಯಲ್ಲಿ ೭ ಎಂದು ಕೆತ್ತಿಸಿದ್ದೀರಿ. ನೀವು ಕೆಟ್ಟವರಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಆ ಒಂದು ಅಂಕಿ.

ನಿಮಗೆ ಇನ್ನೂ ನಡೆಯಬೇಕಾದ ಸಭೆ ನನಗೆ ಬಾಯಿಪಾಠವಾಗಿದೆ. ಆಡಿದ ಮಾತನ್ನು ಆಡಿದ ಹಾಗೇ ಬರೆಯುವುದು ನಿಮ್ಮ ಪದ್ಧತಿ. ಹುಸೇನಬಿ ಎದ್ದು ನಿಂತು, “ದೊಡ್ಡ ಮಂದಿಗೆ ಜಿಗೀರಿ ಅಂತ ಹೇಳಬಹುದು ಸಾಹೇಬ್ರ, ಮೂರು ವರ್ಷದ ಕೂಸಿಗೆ ಹೆಂಗ ಹೇಳಲಿ?” ಎಂದು ಕೇಳುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ. ಕಲ್ಲು ಹಾಕಬೇಕು ಎನ್ನುವುದರಲ್ಲಿ ಯಾರದ್ದೂ ತಕರಾರಿಲ್ಲ. ಆಗ ಸದಸ್ಯರಾದ ಬಸಲಿಂಗಪ್ಪ ಯಳಮೇಲಿಯವರು, “ಕಲ್ಲು ಹಾಕೂಣು, ಯಾರು ಬ್ಯಾಡಂದ್ರು. ಬೇವಿನ ಗಿಡದ ಈ ಕಡೆ ಹಾಕೂದೋ ಆ ಕಡೆ ಹಾಕೂದೋ, ಒಂದ್ಸಲ ಹೋಗಿ ನೋಡಬೇಕಲ್ಲ,” ಎನ್ನುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ. ಚಹಾ ಕುಡಿದ ಮೇಲೆ ನೀವು ಬರೆಯುತ್ತೀರಿ: ಸ್ಥಳ ನೋಡಿ ಮುಂದಿನ ಸಭೆಯಲ್ಲಿ ತೀರ್ಮಾನಿಸುವುದು. ಅದರ ಕೆಳಗೆ ಇನ್ನೊಂದು ಸಾಲು: ಅಲ್ಲಿಯವರೆಗೆ ಕಲ್ಲನ್ನು ಎರಡು ಸಿಮೆಂಟ್ ದಿಮ್ಮಿಗಳ ಮೇಲೆ ಇಟ್ಟು ಅರ್ಜಿದಾರರು ಕೂರಲು ತಾತ್ಕಾಲಿಕವಾಗಿ ಬಳಸುವುದು.

ಆ ಮುಂದಿನ ಸಭೆ ಇನ್ನೂ ಆಗಿಲ್ಲ ಸ್ವಾಮಿ. ಅಂದರೆ ಸಭೆಗಳು ಆದವು, ಎರಡು ಸಾವಿರಕ್ಕೆ ಹತ್ತಿರ ಆದವು, ಎಲ್ಲದರಲ್ಲೂ ಏಳನೆಯ ವಿಷಯ ಇತ್ತು. ಬೇವಿನ ಗಿಡ ಒಣಗಿ ಬಿದ್ದು ನೂರು ವರ್ಷವಾಗಿದೆ, ಅದರ ಯಾವ ಕಡೆ ಎಂಬ ಪ್ರಶ್ನೆ ಮಾತ್ರ ಹಸಿರಾಗಿದೆ.

ನಮ್ಮ ಕಾಲ ಹಿಂದುಳಿದದ್ದು ಎಂದುಕೊಳ್ಳಬೇಡಿ. ನಮ್ಮ ಮಾಳಿಗೆಗಳ ಮೇಲೆ ಮಂಜುಬುಟ್ಟಿಗಳಿವೆ, ಗಾಳಿಯ ತೇವವನ್ನು ಹಿಡಿದು ಬೆಳಗಾಗುವಷ್ಟರಲ್ಲಿ ಎರಡು ಕೊಡ ನೀರು ಮಾಡಿಕೊಡುತ್ತವೆ. ಓಣಿಯ ಮೂಲೆಯಲ್ಲಿ ಕೇಳುಗಂಬ ಇದೆ. ಅದರ ಮುಂದೆ ನಿಂತು ಯಾವ ದೂರು ಹೇಳಿದರೂ ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ನಿಮ್ಮ ಮಾತು ಸಮಿತಿಯನ್ನು ತಲುಪಿದೆ ಎನ್ನುತ್ತದೆ. ತಲುಪುತ್ತದೆ, ಅದು ಸುಳ್ಳಲ್ಲ. ಕಸ ಎತ್ತಲು ಕಸಹುಳಗಳಿವೆ, ಬೆಕ್ಕಿನ ಗಾತ್ರದ ಯಂತ್ರಗಳು, ಬೆಳಗಿನ ಜಾವ ಬಂದು ಬೀದಿಯಲ್ಲಿ ಬಿದ್ದದ್ದನ್ನೆಲ್ಲ ಎಳೆದುಕೊಂಡು ಹೋಗುತ್ತವೆ. ಚರಂಡಿಯ ಮೇಲೆ ನಾವು ಹಾಕಿದ ಹಲಗೆಗಳನ್ನೂ ಎಳೆದುಕೊಂಡು ಹೋದವು. ನಾನೇ ನಾಲ್ಕು ಹಲಗೆ ಕಳೆದುಕೊಂಡಿದ್ದೇನೆ, ಅದರಲ್ಲಿ ಒಂದು ನಮ್ಮ ಅಡುಗೆಮನೆಯ ಬಾಗಿಲು. ತಾವು ಎಳೆಯಲಾರದಷ್ಟು ಭಾರದ್ದನ್ನು ಮಾತ್ರ ಅವು ಬಿಡುತ್ತವೆ, ಆದ್ದರಿಂದ ಅಲ್ಲಿಗೆ ಕಲ್ಲೇ ಬೇಕು. ಚಹಾ ಮತ್ತು ಮಿರ್ಚಿ ಭಜಿ ನಿಮ್ಮ ಕಾಲದ ಹಾಗೇ ಇವೆ, ಸಭೆಗೆ ಸರಿಯಾದ ಹೊತ್ತಿಗೆ ಬರುವುದೂ ಅವೆರಡೇ.

ಜನ ಏನು ಮಾಡಿದರು ಎಂದು ಕೇಳುತ್ತೀರಾ? ಜಿಗಿದರು. ಜಿಗಿದು ಜಿಗಿದು ಅದೇ ಒಂದು ಶಾಸ್ತ್ರವಾಯಿತು. ನಮ್ಮ ಓಣಿಯಲ್ಲಿ ಮಗುವಿಗೆ ನಾಲ್ಕು ತುಂಬಿದರೆ ದಾಟುಶಾಸ್ತ್ರ ಮಾಡುತ್ತಾರೆ. ಹೊಸ ಬಟ್ಟೆ ತೊಡಿಸಿ, ಹಣೆಗೆ ಕುಂಕುಮವಿಟ್ಟು, ಆಚೆ ದಡದಲ್ಲಿ ಸೋದರಮಾವ ಕೈಚಾಚಿ ನಿಂತು ಜಿಗಿಸುತ್ತಾರೆ. ಮದುವೆಯಾಗಿ ಬಂದ ಸೊಸೆ ಸೆರಗು ಸಿಕ್ಕಿಸಿಕೊಂಡು ಜಿಗಿಯುತ್ತಾಳೆ, ಮಂದಿ ಚಪ್ಪಾಳೆ ತಟ್ಟುತ್ತಾರೆ. ಇಪ್ಪತ್ತು ವರ್ಷದ ಕೆಳಗೆ ಸಮಿತಿಯವರು ಇದನ್ನು ಓಣಿಯ ಪರಂಪರೆ ಎಂದು ಘೋಷಿಸಿ ಫಲಕ ಹಾಕಿದರು. ಫಲಕ ಒಂದೇ ಸಭೆಯಲ್ಲಿ ಮಂಜೂರಾಯಿತು.

ನನ್ನ ಮೊಮ್ಮಗಳು ಮೈನಾವತಿಗೆ ಈಗ ನಾಲ್ಕು ವರ್ಷ. ಹುಟ್ಟುತ್ತಲೇ ಎಡಗಾಲು ದುರ್ಬಲ. ಅದನ್ನು ಸರಿಮಾಡುವ ವಿದ್ಯೆ ನಮ್ಮ ವೈದ್ಯರಲ್ಲಿದೆ, ಆದರೆ ಎಲುಬು ಗಟ್ಟಿಯಾಗಲು ಎಂಟು ತುಂಬಬೇಕಂತೆ. ನಿಧಾನವಾಗಿ ನಡೆಯುತ್ತಾಳೆ, ಜಿಗಿಯಲಾರಳು. ನಾನು ಎತ್ತಿಕೊಂಡು ದಾಟಲು ಹೋಗಿ ಇಬ್ಬರೂ ಬಿದ್ದು ಮೊಣಕೈ ತರಚಿಕೊಂಡೆವು. ಉಳಿಕೆ ಮಾಸದ ಆರನೆಯ ದಿನ ಮಧ್ಯಾಹ್ನದೊಳಗೆ ಮಗು ತನ್ನ ಕಾಲ ಮೇಲೆ ಅಂಗನವಾಡಿಯ ಹೊಸ್ತಿಲು ದಾಟಿ ಬಂದರೆ ಸೇರಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಮುಂದಿನ ವರ್ಷ. ಸಮಿತಿಯ ಅಧ್ಯಕ್ಷೆ ಪಾರಮ್ಮ ಹಳೇಮನಿಯವರನ್ನು ಕೇಳಿದೆ. “ಕಲ್ಲು ಹಾಕಿದ್ರ ನಮ್ಮ ಓಣಿ ಹೆಸರ ಉಳೀತದೇನ ನೀಲಕ್ಕಾ? ಕೂಸನ್ನ ಎತ್ತಿ ದಾಟಸಾಕ ಒಬ್ರನ್ನ ನೇಮಸೂಣು, ಮುಂದಿನ ಸಭಾದಾಗ ಇಡತೀನಿ,” ಎಂದರು.

ಆದರೂ ಅವರನ್ನು ಬೈಯಲು ನನಗೆ ಬಾಯಿಲ್ಲ. ಯಾಕೆಂದರೆ ನಾನೂ ನಿಮ್ಮ ಕುರ್ಚಿಯಲ್ಲೇ ಕೂತವಳು. ನನಗೆ ಆರು ವರ್ಷವಿದ್ದಾಗ ನನ್ನ ಅಕ್ಕ ಕಸ್ತೂರಿ ಮಳೆಯ ದಿನ ಆ ಚರಂಡಿ ಜಿಗಿಯಲು ಹೋಗಿ ಕಾಲು ಜಾರಿದಳು. ಆಕೆಗೆ ಒಂಬತ್ತು ವರ್ಷ. ತಲೆಗೆ ಅಂಚು ಬಡಿದಿತ್ತು, ಮನೆಗೆ ತಂದಾಗ ಉಸಿರಿರಲಿಲ್ಲ. ಆ ತಿಂಗಳ ನಡಾವಳಿಯನ್ನು ದೊಡ್ಡವಳಾದ ಮೇಲೆ ಓದಿದೆ: ಸಂತಾಪ ಸೂಚಿಸಲಾಯಿತು, ಏಳನೆಯ ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು. ಓದಿದ ದಿನವೇ ಹಟ ಹಿಡಿದು, ಆ ಒಂದು ಸಾಲನ್ನು ಮುಗಿಸಲೆಂದೇ ಸಮಿತಿಯ ಕೆಲಸಕ್ಕೆ ಸೇರಿದೆ. ಮೂವತ್ತನಾಲ್ಕು ವರ್ಷ ಅಲ್ಲಿದ್ದೆ. ಮುಂದಿನ ಸಭೆಗೆ ಎಂದು ನನ್ನ ಕೈಯಾರೆ ಎಷ್ಟು ಸಲ ಬರೆದೆ ಎಂದು ಮೊನ್ನೆ ಕುಳಿತು ಎಣಿಸಿದೆ. ಮುನ್ನೂರ ತೊಂಬತ್ತೊಂದು ಸಲ. ಮೊದಲ ಸಲ ಕಣ್ಣೀರು ಬಂದಿತ್ತು. ಆಮೇಲಾಮೇಲೆ ಬರೆಯುತ್ತಾ ಭಜಿ ತಿನ್ನುತ್ತಿದ್ದೆ.

ಇವತ್ತು ಬೆಳಿಗ್ಗೆ ಕೊನೆಯದಾಗಿ ಒಂದು ಮಾತು ಕೇಳಿಬರೋಣವೆಂದು ಮೈನಾಳನ್ನು ಕರೆದುಕೊಂಡು ಆಫೀಸಿಗೆ ಹೋಗಿದ್ದೆ. ಎರಡು ತಾಸು ಅರ್ಜಿದಾರರ ಆಸನದ ಮೇಲೆ ಕಾದೆವು. ಬೇಸರವಾಗಿ ಆಕೆ ಅದರ ಕೆಳಗೆ ನುಸುಳಿ ಅಂಗಾತ ಮಲಗಿ ಆಡುತ್ತಿದ್ದಳು. ಅಲ್ಲಿಂದಲೇ, “ಆಯಿ, ಇಲ್ಲೆ ಯಾರೋ ಏಳು ಬರದಾರ ನೋಡು,” ಎಂದಳು.

ನಾನು ನೆಲದ ಮೇಲೆ ಮಲಗಿ ನೋಡಿದೆ. ನೀವು ಕೆತ್ತಿಸಿದ ೭. ತಾತ್ಕಾಲಿಕವಾಗಿ ಬಳಸುವುದು ಎಂದು ನೀವು ಬರೆದ ಸಾಲು ನನಗೆ ಬಾಯಿಗೆ ಬರುತ್ತಿತ್ತು, ಮೂವತ್ತನಾಲ್ಕು ವರ್ಷ ಅದೇ ಕಲ್ಲನ್ನು ತೋರಿಸಿ ಬಂದವರಿಗೆ ಕೂತ್ಕೊಳ್ಳಿ ಎನ್ನುತ್ತಿದ್ದೆ, ಅದು ಇದೇ ಎಂದು ಒಂದು ದಿನವೂ ಹೊಳೆಯಲಿಲ್ಲ. ಕಲ್ಲು ಕೇಳಲು ಬಂದವರೆಲ್ಲ, ಹುಸೇನಬಿಯಿಂದ ಹಿಡಿದು ನನ್ನ ಅವ್ವನವರೆಗೆ, ಆ ಕಲ್ಲಿನ ಮೇಲೇ ಕೂತು ಕಾದು ಎದ್ದು ಹೋಗಿದ್ದಾರೆ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮನೆಗೆ ಬಂದವಳೇ ನಿಮಗೆ ಬರೆಯಲು ಕೂತೆ. ಇನ್ನು ಮುಂದೆ ಬರೆದರೆ ಮರ್ಯಾದೆ ಮೀರುತ್ತೇನೆ, ಆದ್ದರಿಂದ ಇವತ್ತಿಗೆ ನಿಲ್ಲಿಸುತ್ತೇನೆ.

ಉಳಿಕೆ ಮಾಸದ ಆರನೆಯ ದಿನ

ನಿನ್ನೆ ಮನೆಮನೆಗೆ ಹೋಗಿ ಹೇಳಿಬಂದೆ. ಯಾವ ಕಡೆ ಹಾಕುವುದು ಎಂದು ಯಾರೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಹಗ್ಗ, ಎರಡು ಬಿದಿರಿನ ಗಳ ತೆಗೆದುಕೊಂಡು ಎಂಟು ಜನ ಹೆಂಗಸರು ಹೋದೆವು. ಒಳಗೆ ಸಭೆ ನಡೆದಿತ್ತು, ಆಗಷ್ಟೇ ಚಹಾದ ಬಿಡುವು ಕೊಟ್ಟಿದ್ದರು. ನಾವು ಕಲ್ಲಿಗೆ ಹಗ್ಗ ಬಿಗಿಯುವಾಗ ಈಗಿನ ಕಾರ್ಯದರ್ಶಿ ಚಹಾದ ಕಪ್ಪು, ಬಸಿ ಹಿಡಿದುಕೊಂಡೇ ಹೊರಗೆ ಬಂದು, “ಇದನ್ನ ಎಲ್ಲಿಗೆ ಒಯ್ಯಾಕತ್ತೀರಿ?” ಎಂದ. ಪಕ್ಕದ ಮನೆಯ ದ್ಯಾಮವ್ವ ತಲೆ ಎತ್ತದೆ, “ಮುಂದಿನ ಸಭಾಕ್ಕರೀ,” ಎಂದಳು. ಅದು ಅವನಿಗೆ ಸರಿಯಾಗಿಯೇ ಕೇಳಿಸಿತು. ತಲೆಯಾಡಿಸಿ ಒಳಗೆ ಹೋದ.

ಇನ್ನೂರು ಹೆಜ್ಜೆ ದಾರಿ. ಮೂರು ಸಲ ಇಳಿಸಿ ದಣಿವಾರಿಸಿಕೊಂಡೆವು, ನಾನು ಎತ್ತಿದ್ದಕ್ಕಿಂತ ಬೈದದ್ದೇ ಹೆಚ್ಚು. ಚರಂಡಿಯ ಮೇಲೆ ಇಟ್ಟಾಗ ಆಚೆ ಈಚೆ ಮುಕ್ಕಾಲು ಅಡಿ ದಡಕ್ಕೆ ಕೂತಿತು, ಅಳತೆ ತೆಗೆದವರ ಕೈಗೆ ನಮಸ್ಕಾರ. ಮೈನಾ ನನ್ನ ಕೈ ಬಿಡಿಸಿಕೊಂಡು ಎಡಗಾಲು ಎಳೆಯುತ್ತಾ ದಾಟಿದಳು. ತಿರುಗಿ ಬಂದಳು. ಮತ್ತೆ ದಾಟಿದಳು. ಅಂಗನವಾಡಿಯವರು ಹೆಸರು ಬರೆದುಕೊಳ್ಳಲು ಕರೆಯುತ್ತಿದ್ದರೆ ಈಕೆ ಹನ್ನೊಂದು ಸಲ ಓಡಾಡಿದ ಮೇಲೆ ಒಳಗೆ ಹೋದಳು. ಹಗ್ಗ ಸುತ್ತಿಕೊಂಡು ನಾವು ಮರಳಿ ಬರುವಾಗ ಸಭೆಯ ಚಹಾದ ಬಿಡುವು ಇನ್ನೂ ಮುಗಿದಿರಲಿಲ್ಲ. ಅರ್ಜಿದಾರರ ಆಸನ ಕಾಣೆಯಾದದ್ದನ್ನು ಮುಂದಿನ ಸಭೆಯಲ್ಲಿ ಚರ್ಚಿಸುತ್ತಾರೆಂದು ಕೇಳಿದೆ. ಚರ್ಚಿಸಲಿ.

ನಮ್ಮ ಕೆಲಸ ಆಯಿತಲ್ಲ, ಮತ್ತೇಕೆ ಪತ್ರ ಕಳಿಸುತ್ತೀಯ ಎಂದು ದ್ಯಾಮವ್ವ ಕೇಳಿದಳು. ನೀವು ಇವತ್ತೇ ಕಲ್ಲು ಹಾಕಿದರೆ ನಾನು ಆ ಕೆಲಸಕ್ಕೆ ಸೇರುವುದೂ ಇಲ್ಲ, ಈ ಪತ್ರ ಬರೆಯುವುದೂ ಇಲ್ಲ, ನಮ್ಮ ಎಂಟು ಜನರ ಇವತ್ತಿನ ಈ ಹಿಗ್ಗೂ ಇರುವುದಿಲ್ಲ. ಇರದಿದ್ದರೆ ಬೇಡ. ಹನ್ನೊಂದು ವರ್ಷ ಕಾದು ಪಡೆದ ಅನುಮತಿ ಮೈನಾಳಿಗಾಗಿ ಅಲ್ಲ, ಅರ್ಜಿ ಹಾಕಿದಾಗ ಆಕೆ ಹುಟ್ಟಿಯೇ ಇರಲಿಲ್ಲ. ಮೈನಾ ದಾಟಿದಳು, ಗುರುಶಾಂತಪ್ಪನವರೇ. ನನ್ನ ಅಕ್ಕ ಇನ್ನೂ ದಾಟಬೇಕಾಗಿದೆ. ಆಕೆಯನ್ನು ದಾಟಿಸಲು ನನ್ನ ಕೈ ಅಲ್ಲಿಗೆ ಎಟುಕುವುದಿಲ್ಲ, ನಿಮ್ಮದು ಎಟುಕುತ್ತದೆ.

ಬೇವಿನ ಗಿಡದ ಯಾವ ಕಡೆಯಾದರೂ ಸರಿ. ಕಲ್ಲು ನಿಮ್ಮ ಗೋಡೆಗೆ ಒರಗಿದೆ, ಎಂಟು ಜನ ಸಾಕು, ನಾವು ಎತ್ತಿ ನೋಡಿದ್ದೇವೆ. ಹೋಗಿ ಹಾಕಿ ಬನ್ನಿ. ಚಹಾ ಅಷ್ಟರೊಳಗೆ ಆರುವುದಿಲ್ಲ.

ನೀಲಗಂಗಾ ಬೇವಿನಕಟ್ಟಿ,
ಕಸ್ತೂರಿಯ ತಂಗಿ