ಸುಣ್ಣ ಬಳಿದ ಗೋಲಾ

ಭಾಗ್ಯನಗರ, ಕೊಪ್ಪಳ
ಮಂಗಳವಾರ, 18 ಫೆಬ್ರವರಿ 1986

ಹಿಟ್ನಾಳದ ರೈಲು ಮ್ಯೂಸಿಯಂನ ಮ್ಯಾನೇಜರ್ ಸಾಹೇಬರಾದ ಅಮರಪ್ಪನವರಿಗೆ, ನಿಮ್ಮ ಹೆಂಡತಿ ಕಳಕಮ್ಮ ಬರೆಯುವುದು.

ಕ್ಷೇಮ ಕೇಳಿಯೇ ಕಾಗದ ಶುರು ಮಾಡಬೇಕೆಂದು ಕುಷ್ಟಗಿಯಲ್ಲಿ ವಯಸ್ಕರ ಶಿಕ್ಷಣಕ್ಕೆ ಬರುವ ಹೆಂಗಸರಿಗೆ ನಾನೇ ಕಲಿಸುತ್ತೇನೆ. ನಿಮ್ಮದನ್ನು ಮಾತ್ರ ಕೇಳುವುದಿಲ್ಲ. ನೀವು ಕ್ಷೇಮವಾಗಿದ್ದೀರಿ, ಮೈ ಕೈ ತುಂಬಿಕೊಂಡಿದ್ದೀರಿ ಎಂದು ನೀವು ಕಳಿಸಿದ ಅಚ್ಚಿನ ಆಮಂತ್ರಣವೇ ಹೇಳುತ್ತದೆ. ಬರುವ ಭಾನುವಾರ ಉದ್ಘಾಟನೆ. ಅಣೆಕಟ್ಟು ಕಟ್ಟುವಾಗ ಕಲ್ಲು ಎಳೆದ ಉಗಿ ಎಂಜಿನ್, ನಿಜಾಮರ ಕಾಲದ ಎರಡು ಮರದ ಬೋಗಿ, ಕಾಲುವೆ ದಂಡೆಯವರೆಗೆ ಹೋಗಿ ಬರುವ ಸವಾರಿ, ಸರ್ವರಿಗೂ ಸ್ವಾಗತ. ಅದರ ಹಿಂದೆ ನಿಮ್ಮ ದುಂಡನೆಯ ಅಕ್ಷರದಲ್ಲಿ ಎರಡು ಸಾಲು: "ಹಳೆಯದನ್ನು ಮರೆತು ಬಾ. ಮುಂದಿನ ಬೋಗಿಯಲ್ಲಿ ನಿನಗೊಂದು ಸೀಟು ಇಟ್ಟಿದ್ದೇನೆ."

ಊರ ಮಂದಿಗೆಲ್ಲ ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವವರು ಹೆಂಡತಿಗೆ ಮಾತ್ರ ಹಳೆಯದನ್ನು ಮರೆ ಅನ್ನುತ್ತೀರಿ. ಎಂಟು ವರ್ಷ ಒಂದು ಕಾರ್ಡು ಬರೆಯದವರಿಗೆ ಈಗ ಹೆಂಡತಿ ಬೇಕಾಯಿತು. ಯಾಕೆಂದು ನನಗೆ ಗೊತ್ತು. ದೊಡ್ಡವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಒಬ್ಬಳು ನಿಂತಿದ್ದರೆ ಶೋಭೆ.

ನಾನು ಆಗಲೇ ಬಂದು ಹೋಗಿದ್ದೇನೆ. ನಿಮಗೆ ಗೊತ್ತಿಲ್ಲ ಅಷ್ಟೆ. ಪರೀಕ್ಷೆಗೆಂದು ಭಾನುವಾರ ಭಾನುವಾರ ನಾಲ್ಕು ಸಲ ಮಂದಿಯನ್ನು ಹತ್ತಿಸಿ ಗಾಡಿ ಓಡಿಸುತ್ತೀರೆಂದು ಕೇಳಿ, ಹೋದ ಭಾನುವಾರ ಕೊನೆಯ ಸವಾರಿಗೆ ನನ್ನ ಶಾಲೆಯ ಹನ್ನೊಂದು ಹೆಂಗಸರನ್ನು ಕರೆದುಕೊಂಡು ಬಸ್ಸು ಹತ್ತಿದೆ. ನೀವು ಇರುತ್ತೀರಿ, ಮುಖಕ್ಕೆ ಮುಖ ಕೊಟ್ಟು ಎರಡು ಮಾತು ಆಡಿಯೇ ಬರಬೇಕೆಂದು ಬಂದಿದ್ದೆ. ಸಾಹೇಬರು ಯಾರನ್ನೋ ಆಮಂತ್ರಿಸಲು ಕೊಪ್ಪಳಕ್ಕೆ ಹೋಗಿದ್ದಾರೆ ಎಂದ ನಿಮ್ಮ ಕೈಕೆಳಗಿನ ಹೊಳಿಯಪ್ಪ. ಪಾಪ, ಮರ್ಯಾದಸ್ಥ. ಮುದುಕಿಯರ ಕೈ ಹಿಡಿದು ಬೋಗಿ ಹತ್ತಿಸಿದ.

ಸವಾರಿ ಛಂದ ಇದೆ, ಸುಳ್ಳು ಯಾಕೆ ಹೇಳಲಿ. ಎಂಜಿನ್ ಕೂಗಿದಾಗ ನನ್ನ ಪಕ್ಕದ ಮುದುಕಿ ಯಂಕವ್ವ ಬೆಚ್ಚಿ ನನ್ನ ತೊಡೆ ಹಿಡಿದುಕೊಂಡಳು. ನಾನು ಬೆಚ್ಚಲಿಲ್ಲ. ಇಪ್ಪತ್ತು ವರ್ಷ ಆ ಕೂಗಿಗೇ ಅಲ್ಲವೇ ನಾನು ರೊಟ್ಟಿ ಬಡಿದದ್ದು, ಒಲೆ ಆರಿಸಿದ್ದು.

ಆದರೆ ಗಾಡಿ ಬಿಡುವ ಮೊದಲು ಹೊಳಿಯಪ್ಪ ಗಾಜಿನ ಪೆಟ್ಟಿಗೆ ತೆರೆದು, ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲ ತೆಗೆದ. ಅದರೊಳಗಿಂದ ತೆಂಗಿನಕಾಯಿಗಿಂತ ಸಣ್ಣದೊಂದು ಉಕ್ಕಿನ ಗುಂಡು ತೆಗೆದು ಎಲ್ಲರಿಗೂ ತೋರಿಸಿದ. ಇದಕ್ಕೆ ಗೋಲಾ ಅಂತಾರೆ, ಹಳಿ ಒಂದೇ ಇರುವ ಕಡೆ ಇದು ಕೈಯಲ್ಲಿದ್ದ ಡ್ರೈವರ್ ಮಾತ್ರ ಮುಂದಿನ ಸ್ಟೇಷನ್ನಿಗೆ ಗಾಡಿ ಬಿಡಬೇಕು, ಅಲ್ಲಿ ಮಾಸ್ತರರು ಇದನ್ನು ಮಷೀನಿಗೆ ಹಾಕಿದ ಮೇಲೆಯೇ ಇನ್ನೊಂದು ಗಾಡಿಗೆ ದಾರಿ, ಇಲ್ಲದಿದ್ದರೆ ಎದುರುಬದುರು ಬಂದು ಡಿಕ್ಕಿ ಎಂದು ತಿಳಿಸಿ ಹೇಳಿದ. ಅಲ್ಲಿಯವರೆಗೆ ಸರಿ. ಆಮೇಲೆ ನೀವು ಕಲಿಸಿದ ಕಥೆ ಬಿಚ್ಚಿದ. "ಇದರದೊಂದು ಮಜಾ ಕತಿ ಐತ್ರಿ. ನಮ್ಮ ಸಾಹೇಬ್ರ ಸ್ಟೇಷನ್ನಾಗ ಒಬ್ಬ ತಿಳಿಗೇಡಿ ಪಾಯಿಂಟ್ಸ್‌ಮನ್ ಇದ್ನಂತ. ಗೋಲಾ ಎಲ್ಲೋ ಕೆಡವಿ ಖಾಲಿ ಚೀಲ ತಂದು ಕೊಟ್ನಂತ್ರಿ. ನೌಕರಿ ಹೋತು. ಎಷ್ಟೋ ವರ್ಷದ ಮ್ಯಾಲ ಸಾಹೇಬ್ರಿಗೇ ಸಿಕ್ಕೈತಿ ನೋಡ್ರಿ."

ಹೆಂಗಸರು ನಕ್ಕರು. ನಾನೂ ನಕ್ಕೆ. ನಕ್ಕಿದ್ದಕ್ಕೆ ಈಗಲೂ ನನ್ನ ಬಾಯಿ ಕಹಿಯಾಗಿದೆ.

ಆ ತಿಳಿಗೇಡಿ ನನ್ನ ತಮ್ಮ ದೇವೇಂದ್ರಪ್ಪ ಎಂದು ಹೊಳಿಯಪ್ಪನಿಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಗೊತ್ತಿದ್ದೂ ಅವನನ್ನು ದಿನಕ್ಕೆ ನಾಲ್ಕು ಸಲ, ಸವಾರಿಗೊಂದು ಸಲ, ಮಂದಿಯ ನಗೆಗೆ ಇಟ್ಟಿದ್ದೀರಿ. ಗೋಲಾ ಹೇಗೆ ಸಿಕ್ಕಿತೆಂದು ಯಾರೂ ಕೇಳಲಿಲ್ಲವಂತೆ. ನಾನು ಕೇಳಬೇಕಾಗಿಲ್ಲ. ಅದರ ಮೇಲೆ ಕೊರೆದ ಅಕ್ಷರಗಳ ಸಂದಿಯಲ್ಲಿ ಇನ್ನೂ ಸುಣ್ಣ ಇದೆ.

ಎಪ್ಪತ್ತೈದರ ಎಳ್ಳಮವಾಸ್ಯೆ. ನೀವು ಮರೆತಿದ್ದರೆ ನಾನು ನೆನಪು ಮಾಡುತ್ತೇನೆ. ಮಧ್ಯಾಹ್ನ ಕೊಪ್ಪಳ ಕಡೆಯಿಂದ ಗೂಡ್ಸ್ ಬಂತು. ದೇವೇಂದ್ರಪ್ಪ ಡ್ರೈವರನ ಕೈಯಿಂದ ಚೀಲ ಇಸಕೊಂಡು ಬಂದು ನಿಮ್ಮ ಟೇಬಲ್ಲಿನ ಮೇಲೆ ಇಟ್ಟು, ಮತ್ತೆ ಹಳಿ ಬದಲಿಸುವ ಪಾಯಿಂಟಿನ ಕಡೆ ಓಡಿದ. ಸ್ಟೇಷನ್ ಮಾಸ್ತರರಾದ ನೀವು ಆಗಲೇ ಗೋಲಾ ಮಷೀನಿಗೆ ಹಾಕಬೇಕಿತ್ತು. ಆದರೆ ಕ್ವಾರ್ಟರ್ಸಿನ ಹಿಂದಿನ ಜೋಳದ ಹೊಲದ ತುಂಡಿನಲ್ಲಿ ಪೂಜೆ ಸಿದ್ಧವಾಗಿತ್ತು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡುಬು ಎಲ್ಲ ಬುಟ್ಟಿಯಲ್ಲಿ ಆರುತ್ತಿದ್ದವು. ಹೊತ್ತು ಮೀರುತ್ತದೆ ಬರ್ರಿ ಎಂದು ನಾನು ಎರಡು ಸಲ ಕೂಗಿದೆ. ನೀವು ಗೋಲಾ ತೆಗೆದು ಕೋಟಿನ ಜೇಬಿಗೆ ಹಾಕಿ, ಖಾಲಿ ಚೀಲ ಗೂಟಕ್ಕೆ ತೂಗುಹಾಕಿ ಬಂದಿರಿ.

ಬಂದು ನೋಡಿದರೆ ಪಾಂಡವರೆಂದು ಪೂಜಿಸುವ ಐದು ಕಲ್ಲಿನ ಬದಲು ನಾಲ್ಕೇ ಇಟ್ಟಿದ್ದೆ. ಇನ್ನೊಂದು ಕಲ್ಲಿಗೆ ನಾನು ಅತ್ತಿತ್ತ ನೋಡುವಾಗ ನೀವು ನಕ್ಕು ಜೇಬಿನಿಂದ ಗೋಲಾ ತೆಗೆದು ಸಾಲಿನಲ್ಲಿ ಕೂಡಿಸಿದಿರಿ. "ಇವ ನಮ್ಮ ರೈಲ್ವೆ ಭೀಮ, ಸುಣ್ಣ ಹಚ್ಚು" ಅಂದಿರಿ. ಉಳಿದ ನಾಲ್ಕಕ್ಕೆ ಹಚ್ಚಿದ ಸುಣ್ಣ ಅದಕ್ಕೂ ಬಳಿದು ಕುಂಕುಮ ಇಟ್ಟೆವು. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿದೆವು. ಉಣ್ಣಲು ಕೂತೆವೋ ಇಲ್ಲವೋ, ಆಫೀಸಿನ ಫೋನು ಬಡಿದುಕೊಂಡಿತು, ನೀವು ಎದ್ದು ಓಡಿದಿರಿ.

ಮರೆತಿರಿ. ಅದನ್ನು ನಾನು ಒಪ್ಪುತ್ತೇನೆ. ಆ ಗಳಿಗೆ ನಿಮ್ಮ ತಪ್ಪು ಮರೆವು ಮಾತ್ರ. ಗೋಲಾ ಬೀಳದೆ ಮಷೀನು ಬಿಗಿದುಕೊಂಡಿತು, ಎರಡೂ ಕಡೆ ಗಾಡಿ ನಿಂತವು, ಗದಗಿನಿಂದ ಸಾಹೇಬರು ಫೋನಿನಲ್ಲಿ ಬೈದರು. ಗೂಟದಲ್ಲಿ ಖಾಲಿ ಚೀಲ ಕಂಡದ್ದೇ, ಚೀಲ ಖಾಲಿಯೇ ಬಂತು ಎಂದು ಬರೆದುಕೊಟ್ಟಿರಿ. ಹಳಿ ಉದ್ದಕ್ಕೂ ಹುಡುಕಿದರು, ನನ್ನ ತಮ್ಮನ ಟ್ರಂಕು ಬುಡಮೇಲು ಮಾಡಿದರು. ಜೋಳದ ತುಂಡಿಗೂ ಬಂದರು. ಪೂಜೆ ಮಾಡಿದ ಪಾಂಡವರನ್ನು ಯಾರು ಮುಟ್ಟುತ್ತಾರೆ, ಕೈ ಮುಗಿದು ದಾಟಿ ಹೋದರು.

ಸಂಜೆ ಪೂಜೆಯ ಹಿತ್ತಾಳೆ ತಟ್ಟೆ ತರಲು ಹೋದೆ. ಗಾಬರಿಯಲ್ಲಿ ನಾನೂ ಮರೆತಿದ್ದೆ, ತಟ್ಟೆ ಒಂದು ಕಲ್ಲಿಗೆ ತಾಗಿ ಠಣ್ ಎಂದಾಗ ನೆನಪಾಯಿತು. ಗೋಲಾ ಸೆರಗಿನಲ್ಲಿ ಮುಚ್ಚಿ ತಂದು ನಿಮ್ಮ ಮುಂದೆ ಇಟ್ಟೆ. ನೀವು ಬಾಗಿಲು ಹಾಕಿ ಹೇಳಿದ್ದು ನನಗೆ ಅಕ್ಷರ ಅಕ್ಷರವೂ ನೆನಪಿದೆ. "ಬರದು ಕೊಟ್ಟಾಗೇತಿ. ಈಗ ತಿದ್ದಿದ್ರ ನನ್ನ ನೌಕರಿ ಹೊಕ್ಕೈತಿ. ಅವ ಸಣ್ಣಾಂವ, ಬ್ಯಾರೆ ಕೆಲಸ ಸಿಗತೈತಿ." ಮೂರು ತಿಂಗಳಲ್ಲಿ ನಿಮಗೆ ಬಡ್ತಿ ಬರುವುದಿತ್ತು. ಬಂತು. ಅವನನ್ನು ನೌಕರಿಯಿಂದ ತೆಗೆದರು.

ಅವನಿಗೆ ಯಲಬುರ್ಗಾದಲ್ಲಿ ಹೆಣ್ಣು ಗೊತ್ತಾಗಿತ್ತು, ವೀಳ್ಯ ಆಗಿತ್ತು. ಗೋಲಾ ನುಂಗಿದವನಿಗೆ ಮಗಳನ್ನು ಕೊಡುವುದಿಲ್ಲವೆಂದರು. ಆ ಹೆಸರು ಹಾಗೇ ನಿಂತಿತು. ಇಲ್ಲಿ ಭಾಗ್ಯನಗರದಲ್ಲಿ ಪರರ ಮಗ್ಗದ ಮೇಲೆ ನೇಯುತ್ತಾನೆ, ಮಗ್ಗದವರೂ ಅವನನ್ನು ಗೋಲಾ ದೇವೇಂದ್ರಪ್ಪ ಅನ್ನುತ್ತಾರೆ. ಅದೂ ಹೋಗಲಿ. ಅವನೇ ಅದನ್ನು ನಂಬಿಬಿಟ್ಟ, ಅದು ನನಗೆ ತಡೆಯಲಾಗುವುದಿಲ್ಲ. ಬರಬರುತ್ತ, "ನಾನಽ ಎಲ್ಲೆರ ಕೆಡವಿರಬೇಕು ಬಿಡು ಯಕ್ಕಾ" ಎನ್ನತೊಡಗಿದ. ವರ್ಷ ವರ್ಷ ಎಳ್ಳಮವಾಸ್ಯೆಗೆ ಬಂದು, ಹಳಿಯ ಎರಡೂ ಬದಿಯ ಕಂಟಿಯನ್ನು ಕೋಲಿನಿಂದ ಸರಿಸಿ ಹುಡುಕುತ್ತಿದ್ದ. ಮೂರನೆಯ ವರ್ಷ ನೀವು ಅವನಿಗೆ ಚಹಾ ಕೊಟ್ಟು, ಹುಡುಕು ಸಿಗತೈತಿ ಎಂದಿರಿ. ಗೋಲಾ ಆಗ ಒಳಗೆ ನಿಮ್ಮ ಟ್ರಂಕಿನಲ್ಲಿ, ಚಳಿಗಾಲದ ಶಾಲಿನ ಕೆಳಗೆ ಇತ್ತು. ಮರುದಿನವೇ ನಾನು ಕುಷ್ಟಗಿಗೆ ಹೊರಟುಬಂದೆ.

ಯಾಕೆ ಬಂದೆ ಎಂದು ಮಂದಿ ಕೇಳಿದರೆ ನೀವು ಕುಡಿಯುತ್ತೀರಿ ಎಂದು ಹೇಳಿದೆ. ಚಹಾ ಬಿಟ್ಟು ನೀವು ಬೇರೇನೂ ಕುಡಿದವರಲ್ಲ. ಅಷ್ಟು ಮಟ್ಟಿಗೆ ನಿಮ್ಮ ಹೆಸರನ್ನೂ ನಾನು ಕೆಡಿಸಿದ್ದೇನೆ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ನೀವು ಈ ಕಾಗದ ಓದುತ್ತ ತುಟಿಯ ಅಂಚಿನಲ್ಲಿ ನಗುತ್ತಿರುತ್ತೀರಿ. ಯಾಕೆಂದು ನನಗೆ ಗೊತ್ತು. ವಿಚಾರಣೆಯ ದಿನ ದೊಡ್ಡ ಸಾಹೇಬರು ಬರೀ ನಿಮ್ಮ ಕಾಗದ ನಂಬಿರಲಿಲ್ಲ. ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತರೆ ನಿಮ್ಮ ಟೇಬಲ್ಲು ಕಾಣುತ್ತದೆಂದು ಅವರೇ ಬಂದು ನೋಡಿ, ನನ್ನನ್ನು ಕರೆಸಿದರು. "ತಂಗೀ, ನಿನ್ನ ತಮ್ಮ ತಂದ ಚೀಲ ಜೋತು ಬಿದ್ದಿತ್ತೋ, ಹಗುರಿತ್ತೋ" ಎಂದು ಮೆಲ್ಲಗೆ ಕೇಳಿದರು. ದೇವೇಂದ್ರಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನಾನು "ಹಗುರಿತ್ರಿ, ಖಾಲಿ ಇತ್ರಿ" ಅಂದೆ. ಗಂಡನ ನೌಕರಿ ಹೋದರೆ ಬೀದಿಗೆ ಬೀಳುತ್ತೇನೆಂಬ ಹೆದರಿಕೆ ಇತ್ತು ಎಂದು ಹೇಳಿಕೊಳ್ಳಬಹುದು. ಆದರೆ ನನ್ನ ತಮ್ಮನನ್ನು ಕೆಡವಿದ್ದು ನಿಮ್ಮ ಬರಹವಲ್ಲ, ನನ್ನ ಬಾಯಿ. ಅಕ್ಕನೇ ಹಾಗೆ ಅಂದ ಮೇಲೆ ಅವನು ತನ್ನನ್ನು ತಾನು ನಂಬುವುದಾದರೂ ಹೇಗೆ?

ಆದ್ದರಿಂದ ಇದು ನಿಮ್ಮೊಬ್ಬರ ಮೇಲಿನ ಚಾಡಿ ಅಲ್ಲ. ಉಪ್ಪು ಇಬ್ಬರೂ ತಿಂದಿದ್ದೇವೆ, ನೀರನ್ನೂ ಇಬ್ಬರೂ ಕುಡಿಯಬೇಕು. ಭಾನುವಾರ ದೊಡ್ಡವರೆಲ್ಲ ಕೂತಾಗ, ಗಾಡಿ ಬಿಡುವ ಮೊದಲು, ನಡೆದದ್ದನ್ನು ನಡೆದ ಹಾಗೆ ಹೇಳಿರಿ. ದೇವೇಂದ್ರಪ್ಪನ ಹೆಸರು ಹಿಡಿದು ಹೇಳಿರಿ. ನಿಮ್ಮ ನೌಕರಿ ಮುಗಿದಿದೆ, ಪೆನ್ಷನ್ ಬರುತ್ತಿದೆ, ಹೋಗುವುದು ಮಾನ ಒಂದೇ. ಅವನದು ಹನ್ನೊಂದು ವರ್ಷದ ಹಿಂದೆಯೇ ಹೋಗಿದೆ. ನನ್ನ ಪಾಲಿನದನ್ನು ನಾನು ಬಿಳಿ ಹಾಳೆಯ ಮೇಲೆ ಬರೆದು, ಸಹಿ ಹಾಕಿ, ನಿನ್ನೆಯೇ ರೈಲ್ವೆಯ ದೊಡ್ಡ ಆಫೀಸಿಗೆ ರಿಜಿಸ್ಟರ್ ಪೋಸ್ಟ್ ಮಾಡಿದ್ದೇನೆ.

ನೀವು ಹೇಳದಿದ್ದರೂ ನಡೆಯುತ್ತದೆ. ಹೇಗೆಂದು ಕೆಳಗೆ ಬರೆದಿದ್ದೇನೆ.

ಇಂತು, ಒಂದು ಕಾಲಕ್ಕೆ ನಿಮ್ಮ ಮಾತು ಕೇಳಿ ಕೆಟ್ಟ,
ಕಳಕಮ್ಮ

ತಾ.ಕ.: ಗಾಜಿನ ಪೆಟ್ಟಿಗೆಯ ಚೀಲ ಬಿಚ್ಚಿ ನೋಡಿರಿ. ಸವಾರಿಯಲ್ಲಿ ಒಬ್ಬರಿಗೆ ಚೀಲ ಹಿಡಿಯಲು ಕೊಡುವ ರೂಢಿ ನೀವೇ ಇಟ್ಟದ್ದಂತೆ. ಅವತ್ತು ಅದು ನನ್ನ ತೊಡೆಯ ಮೇಲಿತ್ತು. ಕಾಲುವೆ ದಂಡೆಯಲ್ಲಿ ಎಂಜಿನ್ ನೀರು ಕುಡಿಯುವಾಗ ಎಲ್ಲರೂ ಕಾಲು ತೊಳೆಯಲು ಇಳಿದರು. ನಾನು ಗೋಲಾ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡು, ಹಳಿ ಪಕ್ಕದ ಒಂದು ದುಂಡು ಕಲ್ಲಿಗೆ ಯಂಕವ್ವನ ಎಲೆಯಡಿಕೆ ಡಬ್ಬಿಯ ಸುಣ್ಣ ಬಳಿದು ಒಳಗಿಟ್ಟೆ. ಈಗ ಚೀಲದಲ್ಲಿರುವುದು ಆ ಪಾಂಡವ. ಹೊಳಿಯಪ್ಪನನ್ನು ಬೈಯಬೇಡಿರಿ, ಅವನು ಚೀಲವನ್ನು ತೂಕ ನೋಡಿಯೇ ಇಸಕೊಂಡ.

ಗೋಲಾ ದೇವೇಂದ್ರಪ್ಪನ ಬಳಿ ಇದೆ. ನಿನ್ನೆ ಅವನ ಕೈಯಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ, ಉಗುರಿನಿಂದ ಅಕ್ಷರಗಳನ್ನು ಕೆರೆದ. "ಯಕ್ಕಾ, ಸುಣ್ಣ ಬಳದಾಕಿ ನೀನೇನು?" ಎಂದು ಒಂದೇ ಮಾತು ಕೇಳಿದ. ಹೌದು ಅಂದೆ. ಎದ್ದು ಒಳಗೆ ಹೋಗಿ ಅಗಳಿ ಹಾಕಿಕೊಂಡ. ಈ ಕಾಗದ ಬರೆದದ್ದು ಅವನ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು. ಎದುರು ಮನೆಯ ಲಾಲಬೀ ಎರಡು ಸಲ ಚಹಾ ತಂದುಕೊಟ್ಟಳು. ಈ ಬಾಗಿಲು ಇನ್ನೂ ತೆರೆದಿಲ್ಲ. ಬೆಳಿಗ್ಗೆ ಒಳಗಿಂದಲೇ ಒಮ್ಮೆ ಮಾತಾಡಿದ: "ಐತವಾರ ನಾ ಒಬ್ಬಾವನ ಹೋಗಿ ಕೊಟ್ಟು ಬರ್ತೀನಿ. ನೀ ಬರಬ್ಯಾಡ."

ಗೋಲಾ ಕೈಗೆ ಬರದೆ ಗಾಡಿ ಬಿಡುವುದಿಲ್ಲವೆಂಬುದು ನಿಮ್ಮದೇ ನಿಯಮ. ಆದ್ದರಿಂದ ಅವನು ಬರುವವರೆಗೆ ಕಾಯಿರಿ. ಮುಂದಿನ ಬೋಗಿಯಲ್ಲಿ ನನಗೆಂದು ಇಟ್ಟ ಸೀಟು ಅವನಿಗೆ ಬಿಡಿರಿ.